ಸ್ಮೃತಿಯಿಂದ ಲಿಪಿಗೆ: ಸಂಖ್ಯಾಶಾಸ್ತ್ರೀಯ ಗಣನೆಯಲ್ಲಿ ಚರಮೌಲ್ಯಗಳ ಲೇಖನ

ಗಣಕಯಂತ್ರದ ಸ್ಮೃತಿಯಲ್ಲಿರುವ ಚರವೊಂದರ ಮೌಲ್ಯವನ್ನು ಪಠ್ಯಕಡತಕ್ಕೆ ಬರೆದಿಡುವುದು ಸಂಖ್ಯಾಶಾಸ್ತ್ರಜ್ಞರ ನಿತ್ಯವ್ಯವಹಾರದಲ್ಲಿ ಗುಮಾಸ್ತಿಕೆಯೆಂದೇ ಎಣಿಸಲ್ಪಡುವ ಕಾರ್ಯವಾಗಿದ್ದು, ಹಾಗೆ ಬರೆದುದು ಮೂಲಮೌಲ್ಯವೇ ಹೌದೋ ಅಥವಾ ಅದರ ಸಂಕ್ಷೇಪವೋ ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಓದುವುದಕ್ಕಾಗಿ ಬರೆಯುವ ಸಂಖ್ಯೆ ಬೇರೆ, ಮರಳಿ ಗಣಿಸುವುದಕ್ಕಾಗಿ ಬರೆಯುವ ಸಂಖ್ಯೆ ಬೇರೆ. ತಂತ್ರಾಂಶವು ತಾನಾಗಿ ಒದಗಿಸುವ ರೂಪವು ಬಹುಮಟ್ಟಿಗೆ ಮೊದಲನೆಯದಕ್ಕೆ ಮಾತ್ರ ತಕ್ಕುದು ಎಂಬುದು ಈ ಲೇಖನದ ಪ್ರತಿಪಾದನೆ.

ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ 1961ರದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಪವನಶಾಸ್ತ್ರಜ್ಞ ಎಡ್ವರ್ಡ್ ಲೊರೆನ್ಸನು, ಸಂಖ್ಯಾಶಾಸ್ತ್ರೀಯ ವಿಧಾನಗಳಿಂದ ಹವೆಯನ್ನು ಮುನ್ಸೂಚಿಸಬಹುದೇ ಎಂಬುದನ್ನು ಪರೀಕ್ಷಿಸುವ ಉದ್ದೇಶದಿಂದ, 12 ಚರಗಳ ಸಮೀಕರಣಗಳನ್ನು ರಾಯಲ್ ಮೆಕ್‌ಬೀ ಎಲ್‌ಜಿಪಿ-30 ಎಂಬ ಯಂತ್ರದ ಮೇಲೆ ನಡೆಸುತ್ತಿದ್ದನು. ಯಂತ್ರದೊಳಗೆ ಆರು ದಶಮಾಂಶ ಸ್ಥಾನಗಳಿದ್ದುವು. ಕಾಗದದ ಮೇಲೆ ಮೂರನ್ನೇ ಮುದ್ರಿಸುವ ಏರ್ಪಾಡಿತ್ತು. ಗಣನೆಯ ಒಂದು ಭಾಗವನ್ನು ಪುನಃ ಪರಿಶೀಲಿಸಬೇಕೆಂದು ಅವನು ಮುದ್ರಿತ ಅಂಕಿಗಳನ್ನೇ ಆರಂಭಮೌಲ್ಯಗಳಾಗಿ ಕೊಟ್ಟಾಗ 0.506127 ಎಂಬುದರ ಸ್ಥಾನದಲ್ಲಿ 0.506 ಒಳಹೊಕ್ಕಿತು. ಹೊಸ ಫಲಿತಾಂಶವು ಹಳೆಯದಕ್ಕೆ ಹೊಂದದಿರಲು ಯಂತ್ರದ ನಿರ್ವಾತನಳಿಕೆಯೊಂದು ಕೆಟ್ಟಿರಬೇಕೆಂದು ಅವನು ಮೊದಲು ಶಂಕಿಸಿದನಾದರೂ, ವ್ಯತ್ಯಾಸವು ಆ ಕಲ್ಪಿತ ಹವೆಯ ಸುಮಾರು ನಾಲ್ಕು ದಿನಗಳಿಗೊಮ್ಮೆ ಇಮ್ಮಡಿಸುತ್ತ ಬಂದು, ಎರಡನೆಯ ತಿಂಗಳಿನಲ್ಲಿ ಹಳೆಯ ಫಲಿತಾಂಶದ ಹೋಲಿಕೆಯೇ ಇಲ್ಲದಂತಾದುದನ್ನು ಕಂಡು ಕಾರಣವನ್ನು ಗ್ರಹಿಸಿದನು. 1963ರ ಅವನ ಪ್ರಬಂಧದಿಂದ ಅವ್ಯವಸ್ಥಾಸಿದ್ಧಾಂತವು ಬೆಳೆದ ಕಥೆಯನ್ನು, ಚಿಟ್ಟೆಯ ರೆಕ್ಕೆಯ ದೃಷ್ಟಾಂತದೊಡನೆ, ಎಲ್ಲರೂ ಹೇಳುತ್ತಾರೆ. ಆ ಚಿಟ್ಟೆ ಹೊರಬಿದ್ದುದು ಮುದ್ರಣದ ಸ್ಥಾನಸಂಖ್ಯೆಯನ್ನು ಕುರಿತ ಒಂದು ಸಾಧಾರಣ ನಿರ್ಣಯದಿಂದ ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ.

ಈಗಿನ ಯಂತ್ರಗಳು, 1985ರಲ್ಲಿ ಮೊದಲು ಪ್ರಕಟವಾದ ಐಇಇಇ 754 ಮಾನಕದಂತೆ, ದ್ವಿಗುಣನಿಖರತೆಯ ಪ್ರತಿಯೊಂದು ಸಂಖ್ಯೆಯನ್ನೂ 53 ಸಾರ್ಥಕ ದ್ವಿಮಾನ ಅಂಕಗಳಲ್ಲಿ ಧರಿಸುತ್ತವೆ. ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಪೂರ್ಣವಾಗಿ ಬರೆಯಲು ಸಾಧ್ಯವಿಲ್ಲವಾದುದರಿಂದ, ನಾವು 0.1 ಎಂದು ಕೊಟ್ಟುದು ಒಳಗೆ ಅದಕ್ಕಿಂತ ಕೂದಲೆಳೆಯಷ್ಟು ಹಿರಿದಾದ ಸಂಖ್ಯೆಯಾಗಿ ನಿಲ್ಲುತ್ತದೆ. ದ್ವಿಮಾನದ ಇಂಥ ಮೌಲ್ಯವನ್ನು ದಶಮಾನದಲ್ಲಿ ಬರೆದು, ಮತ್ತೆ ಓದಿಸಿದಾಗ ಅದೇ ಮೌಲ್ಯ ದೊರೆಯಬೇಕಾದರೆ ಎಷ್ಟು ಸಾರ್ಥಕ ಅಂಕಿಗಳು ಬೇಕು? 1968ರಲ್ಲಿ ಡೇವಿಡ್ ಮಟುಲಾ ನಿರೂಪಿಸಿದ ನಿಯಮದಂತೆ, ಅಂಕಿಗಳ ಸಂಖ್ಯೆಯಿಂದ ಒಂದನ್ನು ಕಳೆದು ಬಂದುದನ್ನು ಹತ್ತರ ಘಾತವಾಗಿಸಿದರೆ, ಅದು ಎರಡರ 53ನೆಯ ಘಾತವನ್ನು ಮೀರಬೇಕು. ಎರಡರ 53ನೆಯ ಘಾತವು ಸುಮಾರು ಒಂಬತ್ತು ಸಾವಿರ ಲಕ್ಷಕೋಟಿಯಾದುದರಿಂದ 16 ಅಂಕಿಗಳು ಸಾಲವು, 17 ಬೇಕು.

ಆಕ್ಲೆಂಡಿನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಆರಂಭಿಸಿದ, ಸಂಖ್ಯಾಶಾಸ್ತ್ರೀಯ ಗಣನೆಯ ಆರ್ ಭಾಷೆಯನ್ನು ಈ ಅಳತೆಗೋಲಿನಿಂದ ಪರೀಕ್ಷಿಸೋಣ. ಅದರಲ್ಲಿ ಕ್ಯಾಟ್ ಎಂಬ ಆದೇಶವು ಬೇರೆ ಸೂಚನೆಯಿಲ್ಲದಿದ್ದರೆ 7 ಸಾರ್ಥಕ ಅಂಕಿಗಳನ್ನೇ ಬರೆಯುವುದರಿಂದ 123456.789 ಎಂಬುದು ಕಡತದಲ್ಲಿ 123456.8 ಆಗುತ್ತದೆ. ಕೋಷ್ಟಕಗಳನ್ನು ಬರೆಯುವ ರೈಟ್.ಟೇಬಲ್ 15ರವರೆಗೆ ಹೋಗುತ್ತದೆ. ಅದೂ ಸಾಲದೆಂಬುದಕ್ಕೆ 0.1 ಮತ್ತು 0.2ರ ಮೊತ್ತವೇ ಸಾಕ್ಷಿ. ಆ ಮೊತ್ತ ಸ್ಮೃತಿಯಲ್ಲಿ 0.3ಕ್ಕೆ ಸಮವಲ್ಲ; ಕಡತಕ್ಕೆ ಬರೆದು ಓದಿಕೊಂಡರೆ ಸಮವಾಗುತ್ತದೆ! ಲೇಖನಕ್ರಿಯೆಯು ಇಲ್ಲಿ ದೋಷವನ್ನು ತಿದ್ದಿದಂತೆ ಕಂಡರೂ ವಸ್ತುತಃ ಮೌಲ್ಯವನ್ನು ಬದಲಿಸಿದೆ. ಇನ್ನು, ಒಂದು ಲಕ್ಷವೆಂಬ ಸಂಖ್ಯೆಯು ಪೂರ್ಣಾಂಕವೆಂದು ಘೋಷಿತವಾಗಿರದಿದ್ದರೆ 1ಇ+05 ಎಂಬ ವೇಷದಲ್ಲಿ ಹೊರಬರುವುದುಂಟು. ಮೌಲ್ಯಕ್ಕೆ ಹಾನಿಯಿಲ್ಲವಾದರೂ, ಅದು ಸಮೀಕ್ಷೆಯೊಂದರಲ್ಲಿ ಕುಟುಂಬವೊಂದರ ಗುರುತುಸಂಖ್ಯೆಯಾಗಿದ್ದ ಪಕ್ಷದಲ್ಲಿ ಅದನ್ನು ಅಕ್ಷರಮಾಲೆಯಾಗಿ ಓದುವ ಬೇರೊಂದು ತಂತ್ರಾಂಶವು ಆ ಕುಟುಂಬವನ್ನು ಕಾಣಲಾರದು.

ಸ್ಟೇಟಾ ಎಂಬ ಇನ್ನೊಂದು ಸಂಖ್ಯಾಶಾಸ್ತ್ರೀಯ ತಂತ್ರಾಂಶದಲ್ಲಿ ಸಮಸ್ಯೆಯು ಕಡತಕ್ಕೆ ಬರೆಯುವುದಕ್ಕೂ ಮುಂಚೆಯೇ ತಲೆದೋರುತ್ತದೆ. ಸರಾಸರಿಯೇ ಮೊದಲಾದ ಫಲಿತಾಂಶಗಳು ಕ್ಷಣಿಕವಾದ ಕೋಶವೊಂದರಲ್ಲಿದ್ದು, ಅದೇ ವರ್ಗದ ಮುಂದಿನ ಆದೇಶವು ಅವನ್ನು ಅಳಿಸಿಬಿಡುವುದರಿಂದ ಕೂಡಲೆ ಸ್ಕೇಲಾರ್, ಎಂದರೆ ಹೆಸರಿಟ್ಟ ಒಂಟಿ ಮೌಲ್ಯ, ಆಗಿ ಎತ್ತಿಡಬೇಕು. ಸ್ಕೇಲಾರ್ ದ್ವಿಗುಣನಿಖರತೆಯುಳ್ಳದ್ದು; ಅದರ ಬದಲು ಜೆನರೇಟ್ ಆದೇಶದಿಂದ ಹೊಸ ಚರವನ್ನು ಮಾಡಿದರೆ, ಪ್ರಕಾರವನ್ನು ಹೇಳದಿದ್ದಲ್ಲಿ ಅದು 24 ಸಾರ್ಥಕ ದ್ವಿಮಾನ ಅಂಕಗಳ ಫ್ಲೋಟ್ ಆಗುವುದರಿಂದ, ಏಳರಾಚೆಯ ಅಂಕಿಗಳನ್ನು ನೆಚ್ಚುವಂತಿಲ್ಲ. ಬಳಿಕ ಫೈಲ್ ಓಪನ್, ಫೈಲ್ ರೈಟ್, ಫೈಲ್ ಕ್ಲೋಸ್ ಎಂಬ ಕ್ರಮದಲ್ಲಿ ಕೆಲಸ ನಡೆಯುತ್ತದೆ. ಸಂಖ್ಯೆಯ ರೂಪವನ್ನು ನಿರ್ದೇಶಿಸಬೇಕಾದುದು ಎರಡನೆಯ ಹಂತದಲ್ಲಿ. ಫ್ಲೋಟ್ ಆಗಿ ಕಳೆದುಕೊಂಡುದನ್ನು ಆ ಹಂತದಲ್ಲಿ ಎಷ್ಟು ಅಂಕಿಗಳನ್ನು ಕೇಳಿದರೂ ಮರಳಿ ಪಡೆಯಲಾಗದು.

ದಶಮಾನದ ಗೊಡವೆಯೇ ಬೇಡವೆನ್ನುವವರು ಷೋಡಶಮಾನ ಲೇಖನವನ್ನು ಸೂಚಿಸುತ್ತಾರೆ. ಹದಿನಾರು ಎರಡರ ಘಾತವಾದುದರಿಂದ ಅಲ್ಲಿ ಒಂದು ಅಂಕವೂ ನಷ್ಟವಾಗದು. ಎರಡೂ ತಂತ್ರಾಂಶಗಳಲ್ಲಿ ಅದಕ್ಕೆ ಅವಕಾಶವುಂಟಾದರೂ ಘಾತಸೂಚನೆಗೆ ಆರ್ ಭಾಷೆಯು ಸಿ ಭಾಷೆಯನ್ನು ಅನುಸರಿಸಿ ಪಿ ಅಕ್ಷರವನ್ನೂ, ಸ್ಟೇಟಾ ಎಕ್ಸ್ ಅಕ್ಷರವನ್ನೂ ಬಳಸುವುದರಿಂದ ಒಂದರ ಕಡತವನ್ನು ಇನ್ನೊಂದು ನೇರವಾಗಿ ಓದಲಾರದು; ಮನುಷ್ಯನಂತೂ ಎರಡನ್ನೂ ಓದಲಾರನು. ಆದುದರಿಂದ, 0.1ರ ಬದಲು 0.10000000000000001 ಎಂದು ಕಾಣುವ ವಿರೂಪವನ್ನು ಸಹಿಸಿಕೊಂಡಾದರೂ, 17 ಅಂಕಿಗಳ ದಶಮಾನವನ್ನೇ ಕಡತಕ್ಕೆ ಬರೆದು, ಅಂದವಾದ ಮೂರು ಸ್ಥಾನಗಳನ್ನು ಪ್ರಬಂಧದ ಕೋಷ್ಟಕಕ್ಕೆ ಮೀಸಲಿಡುವುದು ಯುಕ್ತವೆಂದು ನನಗೆ ತೋರುತ್ತದೆ.