ದನದ ಪೇಟೆಯ ತಕ್ಕಡಿ

ದನ ಪೇಟೆ ಸೇರಿದ ಮೇಲೆ ಅದರ ತೂಕವೂ ಬೆಲೆಯೂ ಸಾಕಿದವನ ಕೈಬಿಟ್ಟು ಅನ್ಯರ ಕೈ ಸೇರುತ್ತವೆ. ಆ ಅನ್ಯರನ್ನು ಅಂಕೆಯಲ್ಲಿಡುವ ಬಗೆ ಯಾವುದು? ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸದಲ್ಲಿ ಇದಕ್ಕೊಂದು ಉತ್ತರ ದೊರೆಯುತ್ತದೆ.

1865ರಲ್ಲಿ ಷಿಕಾಗೋ ನಗರದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಬೃಹತ್ ದನದ ಪೇಟೆ ಆರಂಭವಾಯಿತು. ಪಶ್ಚಿಮದ ಬಯಲುಗಳ ದನಗಳನ್ನು ರೈಲುಗಳು ಅಲ್ಲಿಗೆ ತಂದು ತುಂಬಿದವು. ನೂರಾರು ಮೈಲಿ ದೂರದ ರೈತನು ತಾನೇ ಬರಲಾರದೆ ಕಮಿಷನ್ ಏಜೆಂಟರನ್ನು ನಂಬಬೇಕಾಯಿತು. ಕೊಳ್ಳುವವರಲ್ಲಿ ಆರ್ಮರ್, ಸ್ವಿಫ್ಟ್, ಮಾರಿಸ್, ವಿಲ್ಸನ್, ಕಡಹಿ ಎಂಬ ಐದು ಮಾಂಸೋದ್ಯಮ ಸಂಸ್ಥೆಗಳೇ ಪ್ರಬಲರು. ಹಲವು ಪೇಟೆಗಳ ಮೇಲೂ ಅವರ ಹಿಡಿತವಿರುವುದನ್ನು ಫೆಡರಲ್ ಟ್ರೇಡ್ ಕಮಿಷನ್ ತನಿಖೆ ನಡೆಸಿ ಹೊರಗೆಡಹಿತು. ತರುವಾಯ, 1921ರ ಆಗಸ್ಟ್ 15ರಂದು, ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಕಾಯಿದೆ ಜಾರಿಗೆ ಬಂದಿತು. ಸ್ವಂತಕ್ಕೆ ಕೊಂಡು ಮಾರುವ ವ್ಯಾಪಾರಿಗಳೂ ಪರರ ಪರವಾಗಿ ಮಾರುವ ಏಜೆಂಟರೂ ಕೃಷಿ ಕಾರ್ಯದರ್ಶಿಯಲ್ಲಿ ಹೆಸರು ನೋಂದಾಯಿಸಬೇಕಾಯಿತು. ಪೇಟೆಯೊಳಗಿನ ವ್ಯವಹಾರ ಸ್ಥಳೀಯವಾದುದು, ಅದರಲ್ಲಿ ಕೇಂದ್ರವು ಕೈಹಾಕಲಾಗದು ಎಂಬ ವಾದವನ್ನು ಸುಪ್ರೀಂ ಕೋರ್ಟು 1922ರಲ್ಲಿ ತಳ್ಳಿಹಾಕಿತು.

ಹೆಸರು ಬರೆಯಿಸಿಕೊಂಡ ಮಾತ್ರಕ್ಕೆ ಪ್ರಾಮಾಣಿಕತೆ ಬಂದೀತೇ? 1943ರ ಶಾಸನವು ಜಾಮೀನು ಕೇಳುವ ಅಧಿಕಾರವನ್ನೂ, ದಿವಾಳಿಯಾದ ಅಥವಾ ಕಾಯಿದೆ ಮುರಿದ ವ್ಯಾಪಾರಿಯ ನೋಂದಣಿಯನ್ನು ನಿಯತಕಾಲ ಅಮಾನತಿನಲ್ಲಿಡುವ ಅಧಿಕಾರವನ್ನೂ ಕಾರ್ಯದರ್ಶಿಗೆ ಕೊಟ್ಟಿತು. ಆದರೆ ಮೊದಲು ನೋಟೀಸು ಕೊಡಬೇಕು, ವಿಚಾರಣೆ ನಡೆಸಬೇಕು. ಕಾನ್ಸಾಸ್ ಸಿಟಿಯ ಏಜೆಂಟರ ದರಗಳನ್ನು ಕುರಿತ ಮಾರ್ಗನ್ ಮೊಕದ್ದಮೆಯಲ್ಲಿ, ತೀರ್ಪು ಕೊಡುವವನು ಸಾಕ್ಷ್ಯವನ್ನೂ ವಾದವನ್ನೂ ಪರಿಶೀಲಿಸಿರಲೇಬೇಕೆಂದು ಅದೇ ನ್ಯಾಯಾಲಯ 1936ರಲ್ಲಿ ಹೇಳಿದ್ದಿತು.

ಈ ಅಧಿಕಾರದ ಎಲ್ಲೆಯನ್ನು ಗ್ಲೋವರ್ ಮೊಕದ್ದಮೆ ಗೊತ್ತುಮಾಡಿತು. ಆರ್ಕನ್ಸಾ ಸಂಸ್ಥಾನದ ಲಿಟಲ್ ರಾಕ್ ಪೇಟೆಯ ಈ ಕಮಿಷನ್ ಕಂಪನಿ, ಹಿಂದೆ ಎಚ್ಚರಿಕೆ ಪಡೆದಿದ್ದರೂ, ಮಾರಲು ಒಪ್ಪಿಸಿದ ದನಗಳ ತೂಕವನ್ನು ಕಡಮೆ ತೋರಿಸಿತೆಂದು ವಿಚಾರಣೆಯಲ್ಲಿ ಸಿದ್ಧವಾಯಿತು. ತೂಕ ತಗ್ಗಿದರೆ ನಷ್ಟ ಮಾರುವವನಿಗೆ, ಲಾಭ ಕೊಳ್ಳುವವನಿಗೆ. ಅಂದರೆ ಯಾರ ಪರ ನಿಂತಿದ್ದನೋ ಅವನಿಗೇ ಏಜೆಂಟನಿಂದ ಹಾನಿ. ಇಪ್ಪತ್ತು ದಿನಗಳ ಅಮಾನತಿನ ಆಜ್ಞೆಯಾಯಿತು. ಅಪೀಲು ನ್ಯಾಯಾಲಯ ಅದನ್ನು ರದ್ದುಮಾಡಿತು. 1973ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಥಿರಪಡಿಸಿತು. ಶಾಸನಕ್ಕೆ ಹೊರತಾಗಿಲ್ಲದ, ಆಧಾರವುಳ್ಳ ಶಿಕ್ಷೆಯ ಪ್ರಮಾಣವನ್ನು ನಿರ್ಣಯಿಸುವುದು ಕಾರ್ಯದರ್ಶಿಯ ಕೆಲಸವೆಂದು ಅದರ ಅಭಿಪ್ರಾಯ.

ಇಪ್ಪತ್ತು ದಿನ ಅಲ್ಪವೆಂದು ತೋರಬಹುದು. ಆದರೆ ಪೇಟೆಯ ಬಾಗಿಲು ಮುಚ್ಚಿದ ಏಜೆಂಟನ ಗಿರಾಕಿಗಳು ಅಷ್ಟರಲ್ಲಿ ಬೇರೊಬ್ಬನಲ್ಲಿಗೆ ಹೋಗಬಲ್ಲರು. ಆದುದರಿಂದಲೇ ಈ ಅಸ್ತ್ರ ಹರಿತವಾದುದು, ವಿಚಾರಣೆಯೆಂಬ ಒರೆಯೂ ಅಷ್ಟೇ ಅವಶ್ಯವಾದುದು. ತಕ್ಕಡಿಯ ಬಳಿ ನಿಲ್ಲಲಾರದ ರೈತನಿಗಾಗಿ ಸರಕಾರ ನಿಲ್ಲಬೇಕು. ಸರಕಾರದ ಕೈಯ ತಕ್ಕಡಿಯೂ ನೆಟ್ಟಗಿರಬೇಕು.