ನೀರಿನ ತೂಕ 18 ಆಗಿದ್ದು ಹೇಗೆ?

36 ಗ್ರಾಂ ನೀರಿನಲ್ಲಿ ಎಷ್ಟು ಮೋಲ್? 18ರಿಂದ ಭಾಗಿಸಿ, ಎರಡು ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆಲ್ಲ ಇದು ಬಾಯಿಪಾಠ. ಆದರೆ ಆ 18 ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಐವತ್ತು ವರ್ಷದ ಜಗಳ!

ಇಂಗ್ಲೆಂಡಿನ ಜಾನ್ ಡಾಲ್ಟನ್ ಪ್ರಕಾರ ನೀರೆಂದರೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್, ಅಷ್ಟೆ. ಮೋಲ್ ಅನ್ನೋ ಮಾತು ಆಗ ಇರಲಿಲ್ಲ ಬಿಡಿ, ಆದರೆ ಅವನ ಸೂತ್ರ ಹಿಡಿದರೆ ಆಕ್ಸಿಜನ್ ತೂಕ 8, ನೀರಿನದು 9. 36 ಗ್ರಾಮಿಗೆ ನಾಲ್ಕು ಮೋಲ್! ತಮಾಷೆಯೆಂದರೆ ಯಾವುದು ಸರಿ ಅಂತ ತಕ್ಕಡಿ ಹೇಳುವುದೇ ಇಲ್ಲ. 1ಕ್ಕೆ 8, 2ಕ್ಕೆ 16... ಅನುಪಾತ ಒಂದೇ ತಾನೆ?

ದಾರಿ ತೋರಿಸಿದ್ದು ತೂಕವಲ್ಲ, ಗಾತ್ರ. 1808ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ಅನಿಲಗಳು ಸೇರುವ ಲೆಕ್ಕ ಕೊಟ್ಟ. 2 ಲೀಟರ್ ಹೈಡ್ರೋಜನ್, 1 ಲೀಟರ್ ಆಕ್ಸಿಜನ್ ಸೇರಿದರೆ 2 ಲೀಟರ್ ಹಬೆ. 1811ರಲ್ಲಿ ಇಟಲಿಯ ಅವೊಗಾಡ್ರೊ (ಓದಿದ್ದು ಕಾನೂನು!) ಒಂದು ಹೆಜ್ಜೆ ಮುಂದೆ ಹೋದ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಹಾಗಾದರೆ ಒಂದು ಆಕ್ಸಿಜನ್ ಅಣು ಎರಡು ನೀರಿನ ಅಣುಗಳಿಗೆ ಹಂಚಿಹೋಗಬೇಕು, ಅಂದರೆ ಅದರಲ್ಲಿ ಪರಮಾಣುಗಳ ಜೋಡಿ ಇರಬೇಕು. ಹೈಡ್ರೋಜನ್ನಿನದೂ ಇದೇ ಕಥೆ; ಅದರ 1 ಲೀಟರ್ 1 ಲೀಟರ್ ಕ್ಲೋರಿನ್ ಜೊತೆ ಸೇರಿ 2 ಲೀಟರ್ ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಹೀಗೆ ನೀರಿಗೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. 2+16=18.

ಒಂದೇ ಬಗೆಯ ಪರಮಾಣುಗಳು ಜೋಡಿಯಾಗುವುದುಂಟೇ ಅಂತ ಬರ್ಜೀಲಿಯಸ್‌ನಂಥ ದೊಡ್ಡವರು ಒಪ್ಪಲಿಲ್ಲ. 1856ರಲ್ಲಿ ಅವೊಗಾಡ್ರೊ ತೀರಿಕೊಂಡ.

1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ದೊಡ್ಡ ಸಭೆ ಸೇರಿತು. ಇಟಲಿಯ ಕ್ಯಾನಿಜಾರೊ ಅಲ್ಲಿ ಅವೊಗಾಡ್ರೊ ಪರವಾಗಿ ವಾದಿಸಿದ. ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಹೊರಡುವಾಗ ಅವನ ಗೆಳೆಯನೊಬ್ಬ ಎಲ್ಲರಿಗೂ ಕ್ಯಾನಿಜಾರೊನ ಸಣ್ಣ ಪುಸ್ತಕ ಹಂಚಿದ. ಮನಸ್ಸು ಬದಲಿಸಿದ್ದು ಅದು! ಆ ಸಭೆಯಲ್ಲಿದ್ದ ಮೆಂಡಲೀವ್ 1869ರಲ್ಲಿ ಆವರ್ತ ಕೋಷ್ಟಕ ಮಾಡಿದ್ದು ಈ ಸರಿಯಾದ ತೂಕಗಳ ಮೇಲೆಯೇ.

ಅವೊಗಾಡ್ರೊ ಸಂಖ್ಯೆಗೆ ಆ ಹೆಸರಿಟ್ಟದ್ದು ಪೆರಿನ್, 1909ರಲ್ಲಿ. ಅವೊಗಾಡ್ರೊಗೆ ಆ ಸಂಖ್ಯೆ ಗೊತ್ತೇ ಇರಲಿಲ್ಲ ಪಾಪ.

ಮಕ್ಕಳು 18 ಯಾಕೆ ಅಂತ ಕೇಳಿದರೆ "ಪುಸ್ತಕದಲ್ಲಿದೆ, ಬರ್ಕೋ" ಅನ್ನಬೇಡಿ. ಈ ಜಗಳದ ಕಥೆ ಹೇಳಿ. ಲೆಕ್ಕ ತಾನಾಗಿ ಬರುತ್ತೆ. ಏನಂತೀರಿ?