ಕೊಳೆ ಗೊತ್ತು, ಬೇರಿನ ನೆಂಟ ಗೊತ್ತಾ?

ಇವತ್ತು ಕೊಪ್ಪ ತಾಲ್ಲೂಕಿನ ಕಮ್ಮರಡಿ ಕಡೆ ಹೋಗೋಣ. ಮಳೆಗಾಲ ಬಂತು ಅಂದ್ರೆ ಇಲ್ಲಿನ ಅಡಿಕೆ ತೋಟಗಳಲ್ಲಿ ಒಂದೇ ಮಾತು: ಕೊಳೆ ಬಂತಾ? ಬೋರ್ಡೋ ಹೊಡೆದಾಯ್ತಾ?

ಈ ಬೋರ್ಡೋ ಮಾತಿಗೆ ನೂರು ವರ್ಷ ದಾಟಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದರು. ಅದು ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿಯ ಕೆಲಸ ಎಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ರೈತರ ಕೈಗೆ ಕೊಟ್ಟರು. 1925ರಲ್ಲಿ ಪಕ್ಕದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವೂ ಶುರುವಾಯಿತು. ನನ್ನ ಪ್ರಕಾರ ಒಂದು ವಿಚಿತ್ರ ಆಗಿದ್ದು ಇಲ್ಲೇ. ಮಲೆನಾಡಿಗೆ ಸೂಕ್ಷ್ಮಜೀವಿಯ ಪರಿಚಯ ಆಗಿದ್ದೇ ಶತ್ರುವಾಗಿ.

ನೆಂಟ ಮಾತ್ರ ಮಣ್ಣೊಳಗೇ ಇದ್ದ. 1885ರಲ್ಲಿ ಜರ್ಮನಿಯ ಎ. ಬಿ. ಫ್ರಾಂಕ್ ಅವನಿಗೆ ಮೈಕೊರೈಜಾ ಅಂತ ಹೆಸರಿಟ್ಟಿದ್ದರು. ಅಂದ್ರೆ ಶಿಲೀಂಧ್ರ ಮತ್ತು ಬೇರಿನ ಕೂಡುಬಾಳು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ರಂಜಕ ಇಲ್ಲ ಅಂತಲ್ಲ, ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಂಡು ಬಿಡೋದಿಲ್ಲ. ಬೇರು ತಲುಪದ ಕಡೆಗೂ ಈ ಶಿಲೀಂಧ್ರ ಕೂದಲಿಗಿಂತ ಸಣ್ಣ ಎಳೆ ಚಾಚಿ ರಂಜಕ ತಂದುಕೊಡುತ್ತೆ. ಬದಲಿಗೆ ಗಿಡದಿಂದ ಸಕ್ಕರೆ ತಗೊಳ್ಳುತ್ತೆ. ಪುಕ್ಕಟೆ ಏನಿಲ್ಲ!

ಕರ್ನಾಟಕದಲ್ಲಿ ಈ ನೆಂಟನನ್ನು ದಶಕಗಟ್ಟಲೆ ಹಿಂಬಾಲಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್. ಕಷ್ಟ ಏನಪ್ಪಾ ಅಂದ್ರೆ, ಬೇರಿನೊಳಗೆ ಸೇರುವ ಈ ಶಿಲೀಂಧ್ರವನ್ನು ಬರೀ ಗಾಜಿನ ತಟ್ಟೆಯಲ್ಲಿ ಬೆಳೆಸೋಕೆ ಆಗಲ್ಲ, ಜೀವಂತ ಬೇರು ಬೇಕೇ ಬೇಕು. ಹಾಗಾಗಿ ಕುಂಡದಲ್ಲಿ ಹುಲ್ಲು ಬೆಳೆಸಿ, ಅದರ ಬೇರಲ್ಲೇ ಇದನ್ನು ಸಾಕಬೇಕು. ಎಲ್ಲಾ ಗಿಡಕ್ಕೂ ಒಂದೇ ತಳಿ ಅಷ್ಟೇ ಚೆನ್ನಾಗಿ ಒಗ್ಗೋದೂ ಇಲ್ಲ. ಯಾವ ಗಿಡಕ್ಕೆ ಯಾವುದು ಅಂತ ಹುಡುಕಿದ್ದು ಅವರ ತಂಡದ ದೊಡ್ಡ ಕೆಲಸ.

ಈಗ ತೋಟಕ್ಕೆ ವಾಪಸ್ ಬರೋಣ. ವರ್ಷಾ ವರ್ಷ ಹೊಡೆದ ಮೈಲುತುತ್ತದ ತಾಮ್ರ ಮಣ್ಣಿಗೆ ಇಳಿದು ಅಲ್ಲೇ ಉಳಿಯುತ್ತೆ. ಅತಿಯಾದರೆ ಒಳ್ಳೆ ಶಿಲೀಂಧ್ರಕ್ಕೂ ಪೆಟ್ಟು. ಹಾಗಂತ ಬೋರ್ಡೋ ಬಿಡಿ ಅಂತ ನಾನು ಹೇಳಲ್ಲ, ಬಿಟ್ಟರೆ ಫಸಲೇ ನೆಲಕ್ಕೆ. ರಂಜಕದ ಗೊಬ್ಬರ ಜಾಸ್ತಿ ಸುರಿದರೂ ಗಿಡ ಈ ನೆಂಟನನ್ನು ದೂರ ಇಡುತ್ತೆ. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಬುಡಕ್ಕೆ ಹಾಕುತ್ತಿದ್ದ ಅಜ್ಜಂದಿರಿಗೆ ಮೈಕೊರೈಜಾ ಹೆಸರು ಗೊತ್ತಿರಲಿಲ್ಲ, ಆದರೆ ಮಣ್ಣಿನ ಜೀವಿಗಳಿಗೆ ಊಟ ಸಿಗುತ್ತಿತ್ತು.

ಪ್ಯಾಕೆಟ್ ತರೋದಾದರೆ ಒಂದು ಮಾತು: ಸಸಿ ಚಿಕ್ಕದಿದ್ದಾಗ, ಪಾಲಿಥೀನ್ ಚೀಲದಲ್ಲಿರುವಾಗಲೇ ಬೇರಿಗೆ ತಾಗುವಂತೆ ಹಾಕಿ. ಬೆಳೆದ ಮರದ ಸುತ್ತ ಎರಚಿದರೆ ಅದು ಬೇರು ತಲುಪೋದೇ ಕಷ್ಟ.